ಜಲಾಶಯದ ಪಟ್ಟಿಗೆ ಇನ್ನೊಂದು ಸಾಲು ಸೇರಿಸಿ

ಮಾನ್ಯರೇ,

ನಿಮ್ಮ ಪತ್ರಿಕೆಯ ಮಂಡ್ಯ ಪುಟದ ಮೂಲೆಯಲ್ಲಿ ದಿನಾ ಒಂದು ಪುಟ್ಟ ಚೌಕ ಇರುತ್ತದೆ. ಕೆಆರ್‌ಎಸ್ ಗರಿಷ್ಠ ಮಟ್ಟ 124.80 ಅಡಿ, ಇಂದಿನ ಮಟ್ಟ ಇಷ್ಟು, ಒಳಹರಿವು ಇಷ್ಟು, ಹೊರಹರಿವು ಇಷ್ಟು. ನಮ್ಮ ಕಡೆ ಪೇಪರ್ ಕೈಗೆ ಬಂದರೆ ಮೊದಲು ಕಣ್ಣು ಹೋಗುವುದೇ ಅಲ್ಲಿಗೆ. ರಾಜಕೀಯ, ಕ್ರಿಕೆಟ್ಟು, ಯಾರು ತೀರಿಕೊಂಡರು ಅನ್ನುವುದು ಎಲ್ಲ ಆಮೇಲೆ. ಈ ಕಾಗದ ಆ ಚೌಕದ ವಿಚಾರವಾಗಿ. ಅದರಲ್ಲಿ ಇನ್ನೊಂದು ಸಾಲಿಗೆ ಜಾಗ ಮಾಡಿಕೊಡಬೇಕೆಂದು ಕೇಳುತ್ತಿದ್ದೇನೆ. ಯಾಕೆ ಅನ್ನುವುದಕ್ಕೆ ನವೆಂಬರ್ 16ನೇ ತಾರೀಖಿನ ಒಂದು ದಿನದ ಕತೆ ಹೇಳಬೇಕು. ಉದ್ದವಾದರೆ ಕತ್ತರಿಸಿಕೊಳ್ಳಿ. ಆದರೆ ದಯಮಾಡಿ ಕೊನೆಯಿಂದ ಕತ್ತರಿಸಬೇಡಿ. 31 ವರ್ಷ ನಾಲೆ ಮೇಲೆ ಕೆಲಸ ಮಾಡಿದವನು ನಾನು. ಕೊನೆಯವರ ಪಾಲನ್ನೇ ಮೊದಲು ಕತ್ತರಿಸುವುದನ್ನು ಸಾಕಷ್ಟು ನೋಡಿದ್ದೇನೆ.

ನಾನು ನೀರುಗಂಟಿ, ಈಗ ನಿವೃತ್ತ. ನಮ್ಮಪ್ಪನ ಕಾಲದವರು ಕೊನೆವರೆಗೂ ಇರ್ವಿನ್ ನಾಲೆ ಅಂತಲೇ ಕರೆದ ವಿಶ್ವೇಶ್ವರಯ್ಯ ನಾಲೆ ಹುಲಿಕೆರೆ ಸುರಂಗ ದಾಟಿ, ಕವಲಾಗಿ, ಕವಲು ಮತ್ತೆ ಕವಲಾಗಿ, ಮದ್ದೂರು ತಾಲ್ಲೂಕಿಗೆ ಬರುವಷ್ಟರಲ್ಲಿ ಸೊರಗಿಹೋಗಿರುತ್ತದೆ. ಅಲ್ಲಿ ನನ್ನ ಕೆಲಸ. ತೂಬು ಎತ್ತುವುದು, ಇಳಿಸುವುದು, ರಾತ್ರಿ ಕದ್ದು ಎತ್ತಿದವರ ತೂಬು ಮತ್ತೆ ಇಳಿಸುವುದು, ಬೈಗುಳ ತಿನ್ನುವುದು. ಕೆಲವು ದಿನ ಬಿಟ್ಟು ಕೆಲವು ದಿನ ನಿಲ್ಲಿಸುವ ಕಟ್ಟು ಪದ್ಧತಿಯಲ್ಲಿ ನೀರು ಬಿಟ್ಟಾಗ ಮೇಲಿನವರಿಗೆ ಗದ್ದೆ ತುಂಬಿ ಕೋಡಿ ಹರಿದರೆ, ನಮ್ಮ ಕಡೆಯವರು ನಾಲೆಯಲ್ಲಿ ನೀರು ಬರುತ್ತದೋ ಇಲ್ಲವೋ ಎಂದು ಬಾಯಿ ಬಿಟ್ಟುಕೊಂಡು ಕೂತಿರುತ್ತಾರೆ. ಒಂದು ಬರಗಾಲದ ವರ್ಷ ಅವರು ಸಿಟ್ಟಿಗೆ ನನ್ನ ಸೈಕಲ್ಲನ್ನೇ ನಾಲೆಗೆ ಎಸೆದಿದ್ದರು. ನಾಲೆಯಲ್ಲಿ ನೀರಿಲ್ಲದ್ದರಿಂದ ಸೈಕಲ್ ನೆನೆಯಲಿಲ್ಲ, ಮಡ್‌ಗಾರ್ಡ್ ಮಾತ್ರ ಸೊಟ್ಟಗಾಯಿತು.

ಆ ಸೈಕಲ್ಲು ಈಗಲೂ ನನ್ನ ಹತ್ತಿರ ಇದೆ. ಕಪ್ಪು ಅಟ್ಲಾಸ್, ಕಡ್ಡಿ ಬ್ರೇಕಿನದು, ಗೇರಿಲ್ಲ. ಆ ಕಂಪನಿಯವರ ಕಾರ್ಖಾನೆ 2020ರ ಜೂನ್ 3ರಂದು, ವಿಶ್ವ ಸೈಕಲ್ ದಿನದಂದೇ ಮುಚ್ಚಿತು ಎಂದು ನಿಮ್ಮಂಥ ಪತ್ರಿಕೆಗಳಲ್ಲೇ ಓದಿದ್ದು. ಆವತ್ತು ನನ್ನ ಗಾಡಿಯನ್ನು ಒರೆಸಿ ಎಣ್ಣೆ ಬಿಟ್ಟೆ. ನಿವೃತ್ತಿಯಾದ ಮೇಲೆ ಕೆಲಸವಿಲ್ಲದೆ ಏರಿ ಮೇಲೆ ಸುಮ್ಮನೆ ಓಡಾಡುತ್ತಿದ್ದಾಗ ಒಂದು ದಿನ ಅನ್ನಿಸಿತು: ನಾಲೆಯ ಕೊನೆಯನ್ನು ಜೀವಮಾನವಿಡೀ ನೋಡಿದೆ, ಹೊಳೆಯ ಕೊನೆಯನ್ನು ನೋಡಲೇ ಇಲ್ಲವಲ್ಲ. ಮನೆಯಲ್ಲಿ ಹೇಳಿದರೆ, "ಈ ವಯಸ್ನಲ್ಲಿ ಬೈಸ್ಕಲ್ ತುಳ್ಕಂಡು ಸಮುದ್ರ ನೋಡಕ್ಕೆ ಹೋಯ್ತೀರಾ? ಬಸ್ಸಲ್ಲಿ ಹೋಗಿ ನೋಡ್ಕಂಡು ಬನ್ನಿ" ಅಂದರು. ಬಸ್ಸಿನಲ್ಲಿ ಹೋದರೆ ಊರು ಕಾಣುತ್ತದೆ, ನೀರು ಕಾಣುವುದಿಲ್ಲ. ಹಾಗೆಂದು ಹೇಳಿ, ತುಲಾ ಸಂಕ್ರಮಣದ ದಿನ, ಅಕ್ಟೋಬರ್ 17ಕ್ಕೆ, ತಲಕಾವೇರಿಯಿಂದ ಹೊರಟೆ. ಸೈಕಲ್ಲನ್ನು ಅಲ್ಲಿಯವರೆಗೆ ನೆಂಟರೊಬ್ಬರ ಗೂಡ್ಸ್ ಗಾಡಿಯಲ್ಲಿ ಹಾಕಿಸಿಕೊಂಡು ಹೋಗಿದ್ದೆ. ತುಲಾ ಮಾಸ ಮುಗಿಯುವುದರೊಳಗೆ ಸಮುದ್ರ ಮುಟ್ಟಬೇಕು ಅನ್ನುವುದು ಲೆಕ್ಕ.

ದಾರಿಯ ಕತೆಯನ್ನೆಲ್ಲ ಬರೆದರೆ ನಿಮ್ಮ ಪುಟ ಸಾಲದು. ಭಾಗಮಂಡಲ, ಕುಶಾಲನಗರ, ರಾಮನಾಥಪುರ, ಚುಂಚನಕಟ್ಟೆ, ಕನ್ನಂಬಾಡಿ, ತಿರುಮಕೂಡಲು, ತಲಕಾಡು. ಇವೆಲ್ಲ ನಿಮ್ಮ ಓದುಗರಿಗೆ ಗೊತ್ತಿರುವ ಊರುಗಳೇ. ಶಿವನಸಮುದ್ರ ದಾಟಿದ ಮೇಲೆ ಹೊಳೆ ಕಾಡಿಗೆ ಇಳಿಯುತ್ತದೆ, ಅದರ ಪಕ್ಕದಲ್ಲಿ ರಸ್ತೆ ಇಲ್ಲ. ಕೊಳ್ಳೇಗಾಲ, ಹನೂರಿನ ಮೇಲೆ ಸುತ್ತಬೇಕು. ಮಾದಪ್ಪನ ಬೆಟ್ಟದ ತಿರುವುಗಳಲ್ಲಿ ಗೇರಿಲ್ಲದ ಸೈಕಲ್ ತುಳಿದೆ ಎಂದು ಬರೆದರೆ ನೀವು ನಂಬಬಾರದು. ಅರ್ಧ ತಳ್ಳಿದೆ. ಬೆಟ್ಟದಿಂದ ಪಾಲಾರಿನ ಕಡೆಗೆ ಆನೆಯ ಹೆದರಿಕೆಯಲ್ಲಿ ತರಕಾರಿ ಗಾಡಿ ಹತ್ತಿದೆ. ತಮಿಳುನಾಡಿನ ಮೆಟ್ಟೂರಿನಲ್ಲಿ ಅಣೆಕಟ್ಟೆಯ ಮುಂದೆ ನಿಂತು ಬೋರ್ಡು ಓದಿದೆ: ಪೂರ್ಣ ಮಟ್ಟ 120 ಅಡಿ, ಸಾಮರ್ಥ್ಯ 93.47 ಟಿಎಂಸಿ. ನಮ್ಮ ಕನ್ನಂಬಾಡಿಯ 49ರ ಹೆಚ್ಚುಕಡಿಮೆ ಎರಡರಷ್ಟು. 31 ವರ್ಷ ನೀರಿನ ಸಂಬಳ ತಿಂದವನಿಗೆ ಆ ಎರಡು ಅಂಕಿ ಅವತ್ತಿನವರೆಗೂ ಗೊತ್ತಿರಲಿಲ್ಲ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಭವಾನಿಗೆ ಬರುವಷ್ಟರಲ್ಲಿ ದೀಪಾವಳಿ. ಮಗಳು ಅಳಿಯ ಬರುತ್ತಾರೆ, ಮನೆ ಯಜಮಾನ ಮಾತ್ರ ಹೊಳೆ ದಂಡೆಯಲ್ಲಿ ಭಿಕಾರಿ ಥರ ತಿರುಗುವುದೇ ಎಂದು ಫೋನಿನಲ್ಲಿ ಜಗಳ. ಸೈಕಲ್ಲನ್ನು ಒಂದು ಪಂಕ್ಚರ್ ಅಂಗಡಿಯಲ್ಲಿ ಬಿಟ್ಟು ಬಸ್ಸು ಹತ್ತಿ ಬಂದು, ಹಬ್ಬ ಮುಗಿಸಿ ಮತ್ತೆ ಹೋದೆ. ಅಂಗಡಿಯವನು ಎರಡೂ ಚಕ್ರದ ಬೆಂಡ್ ತೆಗೆದಿಟ್ಟಿದ್ದ, ಕಾಸು ಮಾತ್ರ ಚೌಕಾಸಿಯಿಲ್ಲದೆ ಪೂರ್ತಿ ವಸೂಲಿ ಮಾಡಿದ. ಆಮೇಲೆ ತಿರುಚ್ಚಿಯಲ್ಲಿ ನಾಲ್ಕು ದಿನ ಮಳೆ ಮತ್ತು ಬಲ ಮಂಡಿ ಎರಡೂ ಸೇರಿ ಕೂರಿಸಿದವು. ಒಟ್ಟು 31 ದಿನಗಳಲ್ಲಿ ತುಳಿದದ್ದು 18 ದಿನ. ತುಲಾ ಮಾಸದ ಲೆಕ್ಕ ತಪ್ಪಿತು.

ಒಂದು ಮಾತು ಇಲ್ಲೇ ಒಪ್ಪಿಕೊಂಡುಬಿಡುತ್ತೇನೆ. ಮೆಟ್ಟೂರು ದಾಟಿದ ಮೇಲೆ ಯಾರಾದರೂ "ಎಂದ ಊರು?", ಅಂದರೆ ಯಾವ ಊರು, ಎಂದು ತಮಿಳಿನಲ್ಲಿ ಕೇಳಿದರೆ ನಾನು "ಮೈಸೂರು" ಅನ್ನುತ್ತಿದ್ದೆ. ಮೈಸೂರು ಎಂದರೆ ಅರಮನೆ, ದಸರಾ, ನಗುತ್ತಾರೆ. ಮಂಡ್ಯ ಅನ್ನುವ ಹೆಸರು ಅವರ ಪೇಪರುಗಳಲ್ಲೂ ಯಾವಾಗ ಬರುತ್ತದೆ ಅನ್ನುವುದು ನನಗೆ ಗೊತ್ತು. 1991ರ ಡಿಸೆಂಬರಿನ ಕಾವೇರಿ ಗಲಾಟೆ ನೆನಪಿದೆ, 2016ರ ಸೆಪ್ಟೆಂಬರ್ ಅಂತೂ ನಿನ್ನೆ ಮೊನ್ನೆಯಂತಿದೆ. ಆಗ ಬೆಂಗಳೂರಿನಲ್ಲಿ ಬಸ್ಸು ಸುಟ್ಟರು, ನಾನು ಇಲ್ಲಿ ಪೊಲೀಸರ ನಡುವೆ ತೂಬಿನ ಹತ್ತಿರ ನಿಂತಿದ್ದೆ. ಹೆದರಿಕೆ ಎಂದು ಹೇಳಲಾರೆ, ಮುಜುಗರ ಅನ್ನಿ. ಹತ್ತು ಹನ್ನೆರಡು ದಿನ ಮೈಸೂರಿನವನಾಗಿಯೇ ಕಳೆದೆ.

ಇನ್ನು ಕೊನೆಯ ದಿನ.

ಕುಂಭಕೋಣದ ಲಾಡ್ಜಿನಲ್ಲಿ ಬೆಳಗ್ಗೆ ನಾಲ್ಕೂವರೆಗೆ ಎದ್ದೆ. ರಾತ್ರಿಯಿಡೀ ಸುರಿದ ಮಳೆ ನಿಂತಿತ್ತು. ಮಂಡಿಗೆ ಹರಳೆಣ್ಣೆ ತಿಕ್ಕಿ, ಸೈಕಲ್ಲನ್ನು ಮೆಟ್ಟಿಲ ಕೆಳಗಿನಿಂದ ಎತ್ತಿ ಈಚೆ ತಂದರೆ ಹಿಂದಿನ ಚಕ್ರ ನೆಲಕ್ಕೆ ಅಂಟಿಕೊಂಡಿದೆ. ಕೊನೆಯ ದಿನವೇ ಪಂಕ್ಚರ್. ಲಾಡ್ಜಿನ ಬಕೆಟ್ಟಿನಲ್ಲಿ ಟ್ಯೂಬ್ ಮುಳುಗಿಸಿ ಗುಳ್ಳೆ ಹುಡುಕುವಾಗ ರಾತ್ರಿ ಪಾಳಿಯ ಹುಡುಗ ಎದ್ದು ಬಂದು ಟಾರ್ಚ್ ಹಿಡಿದ. ಕಳೆದ ವಾರದ ಪ್ಯಾಚೇ ಮಳೆನೀರಿಗೆ ಬಿಟ್ಟುಕೊಂಡಿತ್ತು. ಮತ್ತೆ ಉಜ್ಜಿ, ಸಲ್ಯೂಷನ್ ಹಚ್ಚಿ, ಒಣಗುವವರೆಗೆ ಇಬ್ಬರೂ ಕಾಫಿ ಕುಡಿದೆವು. ಕುಂಭಕೋಣದ ಕಾಫಿ ಹಿತ್ತಾಳೆ ಡಬರಿಯಲ್ಲಿ ಕೊಡುತ್ತಾರೆ, ಅದರ ಹೆಸರು ದೊಡ್ಡದು. ನಮ್ಮ ಮದ್ದೂರಿನ ಹೋಟೆಲ್ ಕಾಫಿ ಅದಕ್ಕೇನೂ ಕಡಿಮೆಯಿಲ್ಲ, ಆದರೆ ನಮಗೆ ಡಬರಿ ಇಲ್ಲ.

ಆರು ಗಂಟೆಗೆ ಹೊರಟೆ. ಅಲ್ಲಿಂದ ಮಾಯಾವರಕ್ಕೆ, ಅಂದರೆ ಈಗಿನ ಮಯಿಲಾಡುದುರೈಗೆ, 35 ಕಿಲೋಮೀಟರ್ ಚಿಲ್ಲರೆ. ತಿರುವಿಡೈಮರುದೂರು, ಆಡುತುರೈ, ಕುತ್ತಾಲಂ. ರಸ್ತೆ ಪೂರ್ತಿ ಸಮತಟ್ಟು, ತುಳಿಯುವುದು ಸುಲಭ, ಎದುರುಗಾಳಿ ಮಾತ್ರ ಬಿಡದೆ ಸಮುದ್ರದ ಕಡೆಯಿಂದ. ಎರಡೂ ಪಕ್ಕ ಸಾಂಬಾ ಭತ್ತ. ಅದು ಅವರ ದೊಡ್ಡ ಬೆಳೆ. ಹಬ್ಬಕ್ಕೆ ಊರಿಗೆ ಹೋದಾಗ ನಮ್ಮ ಗದ್ದೆ ತೆನೆ ಬಾಗಿಸಿತ್ತು, ಇಲ್ಲಿ ಇನ್ನೂ ಎಳೆ ಹಸಿರು, ಎಷ್ಟೋ ಕಡೆ ರಾತ್ರಿಯ ಮಳೆಯಲ್ಲಿ ಪೈರಿನ ತುದಿ ಮಾತ್ರ ಕಾಣುತ್ತಿತ್ತು. ಆಡುತುರೈ ಬಂದಾಗ ಇಳಿದು ಸ್ವಲ್ಪ ನಿಂತೆ. ಭತ್ತದ ತಳಿಗಳಲ್ಲಿ ಎಡಿಟಿ ಎಂದು ಬರುತ್ತದಲ್ಲ, ಅದು ಈ ಊರಿನ ಸಂಶೋಧನಾ ಕೇಂದ್ರದ್ದು. ಬೀಜದ ಚೀಲದ ಮೇಲೆ ನೋಡಿದ್ದ ಮೂರು ಅಕ್ಷರಕ್ಕೆ ಒಂದು ಬಸ್‌ಸ್ಟ್ಯಾಂಡು, ಒಂದು ಇಡ್ಲಿ ಅಂಗಡಿ ಇರುವುದು ಕಂಡು ಯಾಕೋ ಖುಷಿಯಾಯಿತು.

ಹೊಳೆ ಎಡಗಡೆಯಲ್ಲೇ ಇದೆ, ಒಮ್ಮೆ ಕಾಣುತ್ತದೆ, ಒಮ್ಮೆ ಬಾಳೆ ತೋಟದ ಹಿಂದೆ ಹೋಗುತ್ತದೆ. ಅದು ಹೇಗೆ ಸಣ್ಣದಾಗುತ್ತಾ ಬಂತು ಅನ್ನುವುದನ್ನು ನಾನು ದಿನದಿನವೂ ಕಣ್ಣಲ್ಲಿ ಅಳೆಯುತ್ತಾ ಬಂದಿದ್ದೆ. ತಿರುಚ್ಚಿಯ ಮೇಲೆ ಮುಕ್ಕೊಂಬಿನಲ್ಲಿ ಕೊಳ್ಳಿಡಂ ಎಂಬ ಕವಲು ಬೇರೆಯಾಗುತ್ತದೆ. ಅಲ್ಲಿ ಆರ್ಥರ್ ಕಾಟನ್ ಎಂಬ ಇಂಗ್ಲಿಷ್ ಎಂಜಿನಿಯರ್ 1836ರಿಂದ 38ರ ಹೊತ್ತಿಗೆ ಕಟ್ಟಿಸಿದ ಕಟ್ಟೆ. 2018ರ ಆಗಸ್ಟಿನ ಪ್ರವಾಹದಲ್ಲಿ ಅದರ ಹಳೆಯ ಬಾಗಿಲುಗಳು ಕೊಚ್ಚಿಹೋದವು. ಬಾಗಿಲು ಕಾಯ್ದವನಿಗೆ ಅಂಥ ಜಾಗದಲ್ಲಿ ನಿಂತರೆ ಹೊಟ್ಟೆಯೊಳಗೆ ಏನೋ ಆಗುತ್ತದೆ. ಅಲ್ಲಿಂದ ಕೆಳಗೆ ಕಲ್ಲಣೆ, ಕರಿಕಾಲ ಚೋಳ ಕಟ್ಟಿಸಿದ್ದು. ಅಲ್ಲಿ ವೆಣ್ಣಾರು ಬೇರೆ, ದೊಡ್ಡ ನಾಲೆ ಬೇರೆ. ಆಮೇಲೆ ಕುಡಮುರುಟ್ಟಿ, ಅರಸಲಾರು, ವೀರಚೋಳನ್ ಹೀಗೆ ಒಂದೊಂದು ಊರಿಗೆ ಒಂದೊಂದು ಕವಲು. ನಮ್ಮಲ್ಲಿ ಹೊಳೆಯಿಂದ ನಾಲೆ ತೆಗೆಯುತ್ತೇವೆ, ಹೊಳೆ ಹೊಳೆಯಾಗಿಯೇ ಉಳಿಯುತ್ತದೆ. ಅಲ್ಲಿ ಹೊಳೆಯೇ ನಾಲೆಯಾಗಿಬಿಡುತ್ತದೆ. ಮಾಯಾವರದ ಹತ್ತಿರ ಬರುವಾಗ, ಇದು ನಾನು ಭಾಗಮಂಡಲದಿಂದ ಬೆನ್ನು ಹತ್ತಿ ಬಂದ ಕಾವೇರಿ ಅನ್ನುವುದನ್ನು ನನಗೆ ನಾನೇ ಹೇಳಿಕೊಳ್ಳಬೇಕಾಯಿತು.

ಒಂಬತ್ತೂವರೆಗೆ ಮಾಯಾವರದ ತುಲಾ ಘಟ್ಟ. ನಮ್ಮ ತಲಕಾವೇರಿಯಲ್ಲಿ ತುಲಾ ಸಂಕ್ರಮಣಕ್ಕೆ ತೀರ್ಥೋದ್ಭವವಾದರೆ, ಇಲ್ಲಿ ಆ ತಿಂಗಳು ಪೂರ್ತಿ ಸ್ನಾನ. ಜನರ ಪಾಪ ಹೊತ್ತು ಹೊತ್ತು ಸುಸ್ತಾದ ಗಂಗೆಯೂ ಆ ತಿಂಗಳು ಇಲ್ಲಿಗೆ ಬಂದು ಮೀಯುತ್ತಾಳೆ ಎಂದು ನಂಬಿಕೆ. ತಿಂಗಳ ಕೊನೆಯ ದಿನದ ಸ್ನಾನಕ್ಕೆ ಜನವೋ ಜನ, ಅದನ್ನು ಕಡೈಮುಗಂ ಅನ್ನುತ್ತಾರಂತೆ. ಅದು ಹಿಂದಿನ ದಿನವೇ ಆಗಿಹೋಗಿತ್ತು. ಮೆಟ್ಟಿಲ ಮೇಲೆ ಹೂವು, ಬಾಳೆಎಲೆ, ಒದ್ದೆ ಪಂಚೆಯ ಗುರುತು. ಹೊಳೆ ನಡುವೆ ನಂದಿ ಮಂಟಪ ಮಾತ್ರ ತಣ್ಣಗೆ ಕೂತಿತ್ತು. ಒಂದೇ ಒಂದು ದಿನ ತಡ. ಮಂಡಿಯನ್ನು ಬೈದುಕೊಂಡೆ.

ಆದರೂ ಜನ ಇಳಿದು ಮುಳುಗುತ್ತಿದ್ದರು. ಮೆಟ್ಟಿಲಿನಲ್ಲಿ ಕೂತಿದ್ದ ಹಣ್ಣುಕಾಯಿ ಮಾರುವ ಅಜ್ಜಿಯನ್ನು ನನ್ನ ಹರಕು ತಮಿಳಿನಲ್ಲಿ ಕೇಳಿದೆ: ತಿಂಗಳು ಮುಗಿಯಿತಲ್ಲ, ಇವತ್ತೇನು? ಆಕೆ ನನ್ನ ಕಾಲು ನೋಡಿದರು. ನಾನು ಕುಂಟಿಕೊಂಡು ಇಳಿಯುವುದನ್ನು ಮೊದಲಿನಿಂದ ನೋಡಿದ್ದಿರಬೇಕು. "ಮುಡವನ್ ಮುಳುಕ್ಕು" ಅಂದರು, ನಕ್ಕರು. ಮುಡವ ಅಂದರೆ ಕುಂಟ. ಮುಳುಕ್ಕು ಅಂದರೆ ನಮ್ಮ ಮುಳುಗು ತಾನೇ? ಹಿಂದೆ ಒಬ್ಬ ಕುಂಟ ತುಲಾ ಸ್ನಾನಕ್ಕೆ ಹೊರಟು, ತೆವಳಿಕೊಂಡು ಬರುವಷ್ಟರಲ್ಲಿ ತಿಂಗಳು ಮುಗಿದುಹೋಯಿತಂತೆ. ಅವನು ಅತ್ತನಂತೆ. ಅವನಿಗೋಸ್ಕರ ದೇವರು ಒಂದು ದಿನ ಹೆಚ್ಚಿಗೆ ಕೊಟ್ಟು, ಈ ದಿನ ಮುಳುಗಿದರೂ ಅದೇ ಪುಣ್ಯ ಅಂದನಂತೆ. ಆ ದಿನ ಇದು. ನೀರುಗಂಟಿಯ ಬುದ್ಧಿ ನೋಡಿ, ನನಗೆ ಮೊದಲು ಹೊಳೆದದ್ದು ಭಕ್ತಿಯಲ್ಲ. ಕಟ್ಟು ಪದ್ಧತಿಯಲ್ಲಿ ಕೊನೆಯವರಿಗಾಗಿ ಒಂದು ದಿನ ಹೆಚ್ಚಿಗೆ ತೂಬು ಎತ್ತಿಡಿ ಎಂದು ನಾನು ಎಷ್ಟು ಸಲ ಮೇಲಿನವರಿಗೆ ಕೇಳಿಕೊಂಡಿದ್ದೆ ಅನ್ನುವುದು. ಅಂಗಿ ಬಿಚ್ಚಿಟ್ಟು ಮೂರು ಸಲ ಮುಳುಗಿದೆ. ನೀರು ಕೆಂಪಗೆ, ಮಳೆನೀರಿನ ಬಣ್ಣ. ಮಂಡಿ ನೋವು ಹಾಗೇ ಇತ್ತು.

ಅಲ್ಲಿಂದ ಹೊಳೆ ಸಮುದ್ರ ಸೇರುವ ಪೂಂಪುಹಾರ್ ಇನ್ನು 25 ಕಿಲೋಮೀಟರ್ ಹತ್ತಿರ. ಅಂಥ ದಾರಿಯನ್ನು ಎರಡು ಗಂಟೆಯಲ್ಲಿ ತುಳಿಯಬಹುದು, ನಾನು ನಾಲ್ಕು ತೆಗೆದುಕೊಂಡೆ. ಎದುರುಗಾಳಿ ಜೋರಾಯಿತು ಅನ್ನುವುದು ನಿಜ. ಆದರೆ ಕಾಲು ತಾನೇ ನಿಧಾನ ಮಾಡಿತು ಅನ್ನುವುದೂ ನಿಜ. ಮೊದಲ ವಾರದಲ್ಲಿ ಪ್ರತಿ ಮೈಲಿಗಲ್ಲನ್ನೂ ಶಪಿಸಿಕೊಂಡು ತುಳಿದವನು, ಕೊನೆಯ ಮೈಲಿಗಲ್ಲುಗಳ ಹತ್ತಿರ ಇಳಿದು ಇಳಿದು ನೀರು ಕುಡಿಯುತ್ತಿದ್ದೆ. ಬಾಯಾರಿಕೆ ಇರಲಿಲ್ಲ.

ಸಮುದ್ರಕ್ಕೆ ಸ್ವಲ್ಪ ಮೊದಲು ಮೇಲೈಯೂರು ಎಂಬ ಊರು. ಅಲ್ಲಿ ಕಾವೇರಿಗೆ ಅಡ್ಡ ಕೊನೆಯ ಕಟ್ಟೆ ಇದೆ. ತಲಕಾವೇರಿಯಿಂದ ಲೆಕ್ಕ ಹಾಕಿದರೆ ಹೊಳೆ ಮೇಲಿನ ಕಟ್ಟಕಡೆಯ ಬಾಗಿಲುಗಳು. ಅಗಲ ನೋಡಿದೆ, ನಮ್ಮ ಮುಖ್ಯ ನಾಲೆಯಷ್ಟೇ ಅನ್ನಿಸಿತು. ಸೈಕಲ್ ನಿಲ್ಲಿಸಿ ಬಾಗಿಲು ಎತ್ತುವ ಚಕ್ರಕ್ಕೆ ಗ್ರೀಸ್ ಇದೆಯೋ ಇಲ್ಲವೋ ಎಂದು ಕೈಹಾಕಿ ನೋಡುತ್ತಿದ್ದೆ. ಕೈ ಸುಮ್ಮನಿರುವುದಿಲ್ಲ. ಹಿಂದಿನಿಂದ ಯಾರೋ ಗದರಿದರು. ಎಪ್ಪತ್ತು ದಾಟಿದ ಹಿರಿಯರು, ಕೊಡೆ ಹಿಡಿದಿದ್ದರು, ಜೊತೆಗೆ ಎರಡು ಆಡು. ನಾನು ಕ್ಷಮೆ ಕೇಳಿ, ಅಯ್ಯಾ ನಾನೂ ಇದೇ ಕೆಲಸದವನು, ನೀರು ಬಿಡುವವನು ಅಂದೆ. ಅವರ ಮುಖ ಬದಲಾಯಿತು. ಅವರೂ ಅದೇ. ಅಲ್ಲಿ ಅದಕ್ಕೆ ಲಸ್ಕರ್ ಎಂದು ಹೆಸರು. ಬೇರೆ ಬೇರೆ ಕವಲುಗಳ ಮೇಲೆ ಕೆಲಸ ಮಾಡಿ ನಿವೃತ್ತರಾಗಿ, ಈಗ ದಿನಾ ಬೆಳಗ್ಗೆ ಸಂಜೆ ಇಲ್ಲಿ ಬಂದು ನೀರು ನೋಡಿಕೊಂಡು ಹೋಗುತ್ತಾರೆ. ಸಂಬಳವಿಲ್ಲ, ಅಭ್ಯಾಸ.

"ಎಂದ ಊರು, ತಂಬಿ?"

ಬಾಯಿಗೆ ಮೈಸೂರು ಬಂತು. ಆದರೆ ಇನ್ನೊಬ್ಬ ನೀರುಗಂಟಿಗೆ ಸುಳ್ಳು ಹೇಳುವುದು ಹೇಗೆ? ಮಂಡ್ಯ ಅಂದೆ. ಮಂಡ್ಯ ಜಿಲ್ಲೆ, ಮದ್ದೂರು.

ಅವರು ಒಂದು ಕ್ಷಣ ಸುಮ್ಮನಿದ್ದರು. ಆಮೇಲೆ ಕೇಳಿದ್ದು ಒಂದೇ: "ಕೇಆರೆಸ್ ಇನ್ನೈಕ್ಕಿ ಎವ್ವಳವು?" ಕೆಆರ್‌ಎಸ್ ಇವತ್ತು ಎಷ್ಟು?

ನನಗೆ ಗೊತ್ತಿರಲಿಲ್ಲ. ಊರು ಬಿಟ್ಟು ಎರಡು ವಾರವಾಗಿತ್ತು, ಪೇಪರ್ ನೋಡಿರಲಿಲ್ಲ. ತಡವರಿಸಿದೆ. ಅವರೇ ಹೇಳಿದರು. ಅಡಿ ಮಾತ್ರ ಅಲ್ಲ, ಪಾಯಿಂಟ್ ಸಮೇತ. ಕಬಿನಿಯದೂ ಹೇಳಿದರು. ಗಡಿಯಲ್ಲಿ ನೀರು ಅಳೆಯುವ ಬಿಳಿಗುಂಡ್ಲುವಿನಲ್ಲಿ ಎಷ್ಟು ಕ್ಯೂಸೆಕ್ ದಾಟುತ್ತಿದೆ ಅನ್ನುವುದನ್ನೂ ಹೇಳಿದರು. ಅವರ ಪೇಪರಿನಲ್ಲಿ, ಟೀವಿಯಲ್ಲಿ ದಿನಾ ಬರುತ್ತದೆ. ಸಮುದ್ರದ ದಡದ ಆಡು ಕಾಯುವ ಮುದುಕರಿಗೆ ನಮ್ಮ ಕಟ್ಟೆಯ ನೀರು ಬಾಯಿಪಾಠ. ನನಗೆ ಅವರ ಕಟ್ಟೆಯ ಪೂರ್ಣ ಮಟ್ಟ ಗೊತ್ತಾದದ್ದೇ ಹೋದ ತಿಂಗಳು, ಬೋರ್ಡು ಓದಿ. ನನಗೆ ಆವತ್ತು ಆದ ನಾಚಿಕೆಯನ್ನು ಸ್ವಲ್ಪ ನಿಮ್ಮ ತಲೆಗೂ ಕಟ್ಟಲೆಂದೇ ಈ ಕಾಗದ, ಬೇಸರ ಮಾಡಿಕೊಳ್ಳಬೇಡಿ.

ಕಟ್ಟೆಯ ಮೇಲೆ ಕೂತು ಒಂದು ಗಂಟೆ ಮಾತಾಡಿದೆವು. ಅರ್ಧ ತಮಿಳು, ಅರ್ಧ ಕೈ. ಕೆಲಸದ ಮಾತು ಅಷ್ಟು ಕಷ್ಟವಾಗಲಿಲ್ಲ, ನಮ್ಮ ತೂಬು ಅವರಿಗೆ ತೂಂಬು, ನಾಲೆಯ ಕೊನೆಗೆ ನಾವು ಟೈಲೆಂಡ್ ಅನ್ನುವುದನ್ನು ಅವರು ಕಡೈಮಡೈ ಅನ್ನುತ್ತಾರೆ. ಮೆಟ್ಟೂರಿನಿಂದ ವಾಡಿಕೆಯಂತೆ ಜೂನ್ 12ಕ್ಕೆ ನೀರು ಬಿಟ್ಟರೆ ಅದು ಕವಲು ಕವಲಾಗಿ ಹಂಚಿಕೊಂಡು ಇಲ್ಲಿಗೆ ಮುಟ್ಟುವುದು ಎಷ್ಟೋ ದಿನದ ಮೇಲೆ. ಮುಟ್ಟಿದ ದಿನ ಊರವರು ಬಂದು ಈ ಬಾಗಿಲಿನ ಹತ್ತಿರ ಹೂವು, ಭತ್ತದ ಕಾಳು ಎರಚುತ್ತಾರೆ. ನಾವು ಬಾಗಿನ ಬಿಡುವುದು ತಲೆಯಲ್ಲಿ, ಕನ್ನಂಬಾಡಿ ತುಂಬಿದ ದಿನ, ಮುಖ್ಯಮಂತ್ರಿ ಬಂದು, ಪೊಲೀಸ್ ಬ್ಯಾಂಡ್ ಇಟ್ಟುಕೊಂಡು. ಕೊನೆಯ ಗದ್ದೆಗೆ ನೀರು ಮುಟ್ಟಿದ ದಿನ ಯಾರಾದರೂ ಒಂದು ಹೂವು ಹಾಕಿದ್ದನ್ನು ನಾನು ನನ್ನ ನೌಕರಿಯಲ್ಲಿ ನೋಡಿಲ್ಲ. ಹಾಕಿದ್ದು ನನ್ನ ಸೈಕಲ್ಲನ್ನು. ಅದನ್ನು ಹೇಳಿದೆ. ಅವರು ಕೊಡೆ ಕೆಳಗಿಟ್ಟು ನಕ್ಕರು. ಅವರನ್ನೂ ಒಂದು ವರ್ಷ ಬಾಗಿಲಿಗೇ ಕಟ್ಟಿ ಹಾಕಿದ್ದರಂತೆ.

ಸಮುದ್ರಕ್ಕೆ ಹರಿದು ದಂಡವಾಗುವ ನೀರು ಎಂದು ನಮ್ಮಲ್ಲಿ ಒಂದು ಮಾತಿದೆಯಲ್ಲ, ಅದನ್ನೂ ಕೇಳಿದೆ. ಅವರು ಉತ್ತರ ಕೊಡದೆ ಬಾಗಿಲಿನ ಆಚೆ ಪಕ್ಕಕ್ಕೆ ಕರೆದುಕೊಂಡು ಹೋಗಿ ನೀರು ಬೊಗಸೆಯಲ್ಲಿ ಕೊಟ್ಟು ಕುಡಿ ಅಂದರು. ಮಳೆನೀರು ಅಷ್ಟು ಹರಿಯುತ್ತಿದ್ದರೂ ನಾಲಗೆಗೆ ಉಪ್ಪು ತಾಗಿತು. ಹೊಳೆ ನೂಕದಿದ್ದರೆ ಸಮುದ್ರ ನೂಕುತ್ತದೆ, ಈ ಬಾಗಿಲು ನೀರು ಬಿಡುವುದಕ್ಕಷ್ಟೇ ಅಲ್ಲ, ಉಪ್ಪು ತಡೆಯುವುದಕ್ಕೂ ಇದೆ ಅಂದರು. ಆಗ ನೆನಪಾಯಿತು, 2007ರ ಫೆಬ್ರವರಿ 5ರ ಕಾವೇರಿ ನ್ಯಾಯಮಂಡಳಿ ತೀರ್ಪಿನಲ್ಲಿ ತಮಿಳುನಾಡಿಗೆ 419 ಟಿಎಂಸಿ, ನಮಗೆ 270 ಎಂದು ನಾವು ಬಾಯಿ ಬಡಿದುಕೊಂಡೆವಲ್ಲ, ಅದೇ ಪಟ್ಟಿಯ ಬುಡದಲ್ಲಿ ಸಮುದ್ರಕ್ಕೆ ತಪ್ಪಿಸಲಾಗದೆ ಹರಿಯುವ ನೀರು 4 ಟಿಎಂಸಿ ಎಂದು ಒಂದು ಸಾಲು ಇತ್ತು. 2018ರಲ್ಲಿ ಸುಪ್ರೀಂ ಕೋರ್ಟ್ ನಮಗೆ 14.75 ಹೆಚ್ಚಿಗೆ ಕೊಟ್ಟು, ಬಿಳಿಗುಂಡ್ಲುವಿನಲ್ಲಿ ದಾಟಿಸಬೇಕಾದದ್ದನ್ನು 192ರಿಂದ 177.25ಕ್ಕೆ ಇಳಿಸಿದ ದಿನ ನಾನು ಸಿಹಿ ಹಂಚಿದ್ದೆ. ಈಗ ಕೊಟ್ಟರೂ ಹಂಚುತ್ತೇನೆ, ಅದರಲ್ಲಿ ಮುಚ್ಚುಮರೆ ಇಲ್ಲ. ನಮ್ಮ ಪಾಲು ನಮಗೆ ಬೇಕು. ಆದರೆ ಆ 4 ಅನ್ನುವ ಅಂಕಿಯ ರುಚಿ ಹೇಗಿರುತ್ತದೆ ಎಂದು ಈಗ ನನಗೆ ಗೊತ್ತು.

ಹೊರಡುವಾಗ ಅವರು ಕೇಳಿದ ಪ್ರಶ್ನೆಗೆ ಇನ್ನೂ ಉತ್ತರ ಹುಡುಕುತ್ತಿದ್ದೇನೆ. "ನಿಮ್ಮೂರಲ್ಲಿ ಕಡೈಮಡೈಗೆ ನೀರು ಹೋಗುತ್ತದಾ?" ಕೆಆರ್‌ಎಸ್ ತುಂಬಿದೆ, ನಿಮ್ಮ ಕೊನೆಯ ಗದ್ದೆಗೆ ಮುಟ್ಟಿತಾ ಎಂದು. ಹೌದು ಎಂದು ಹೇಳಲು ಆಗಲಿಲ್ಲ. ಕಟ್ಟೆ ತುಂಬಿದ ವರ್ಷವೂ ನಮ್ಮ ಹೋಬಳಿಯಲ್ಲಿ ನಾಲೆಯ ಹೂಳು, ಒಡೆದ ಲೈನಿಂಗು, ಮೇಲಿನವರ ಪಂಪು ಎಲ್ಲ ದಾಟಿ ನೀರು ಬರುವುದು ದೇವರ ಇಚ್ಛೆ. ಅವರು ತಲೆಯಾಡಿಸಿದರು. ಚೈನಿಗೆ ಉಪ್ಪು ಹತ್ತುತ್ತದೆ, ಸೈಕಲ್ಲನ್ನು ಮರಳಿಗೆ ಇಳಿಸಬೇಡ ಅಂದರು. ಫೋನ್ ನಂಬರ್ ಬರೆಸಿಕೊಂಡರು.

ಸಮುದ್ರದ ಬಗ್ಗೆ ಹೆಚ್ಚು ಬರೆಯಲು ಏನಿಲ್ಲ. ಪೂಂಪುಹಾರ್ ತಮಿಳು ಕಾವ್ಯ ಶಿಲಪ್ಪದಿಕಾರದ ನಾಯಕಿ ಕಣ್ಣಗಿಯ ಊರು, ಚೋಳರ ಕಾಲದ ರೇವು ಪಟ್ಟಣ, ಕಡಲು ನುಂಗಿದ್ದು ನುಂಗಿ ಉಳಿದದ್ದು ಈಗಿನ ಊರು. ಕಣ್ಣಗಿಯ ಕತೆಯನ್ನು ಕಲ್ಲಿನಲ್ಲಿ ಕೆತ್ತಿದ ಏಳು ನೆಲೆಯ ಕಟ್ಟಡ ಇದೆ, ಹೊರಗಿನಿಂದ ನೋಡಿದೆ. 2004ರ ಸುನಾಮಿ ಬಡಿದ ದಡ ಅದು, ಅಲೆ ತಡೆಯಲು ಹಾಕಿದ ದೊಡ್ಡ ಬಂಡೆಗಳಿವೆ. ಸೈಕಲ್ಲನ್ನು ಹಿರಿಯರು ಹೇಳಿದಂತೆ ಒಂದು ಮೀನಿನ ಬಲೆಯ ಶೆಡ್ಡಿಗೆ ಒರಗಿಸಿ ಬರಿಗಾಲಲ್ಲಿ ಮರಳಿಗೆ ಇಳಿದೆ. ಮೂರು ಗಂಟೆ ಇಪ್ಪತ್ತು ನಿಮಿಷ. ಹೊಳೆ ಸಮುದ್ರ ಸೇರುವ ಜಾಗದಲ್ಲಿ ಇಬ್ಬರು ಹುಡುಗರು ಬಲೆ ಬೀಸುತ್ತಿದ್ದರು. ಕೆಂಪು ನೀರು ಸ್ವಲ್ಪ ದೂರ ಒಳಗೆ ಹೋಗಿ ಬೂದು ಬಣ್ಣದೊಳಗೆ ಕಾಣದಾಯಿತು. ಕಣ್ಣೀರು ಬರುತ್ತದೆ ಎಂದುಕೊಂಡಿದ್ದೆ, ಬರಲಿಲ್ಲ. ಹಸಿವಾಯಿತು. ಮನೆಗೆ ಫೋನ್ ಮಾಡಿ ಮುಟ್ಟಿದೆ ಅಂದೆ. "ಸರಿ, ನಾಳೆ ರೈಲಿಗೆ ಬನ್ನಿ, ಕುಯ್ಲಿಗೆ ಆಳು ಸಿಕ್ಕಿದಾರೆ" ಅಂದರು. ಹಿಂತಿರುಗಿ ಬಂದಾಗ ಸೈಕಲ್ ಸೀಟಿನ ಮೇಲೆ ಕಾಗೆ ಕೂತಿತ್ತು. ಒಂದು ತಿಂಗಳಲ್ಲಿ ಮೊದಲ ಸಲ, ಅದನ್ನು ಓಡಿಸಿ ಮೇಲೆ ಹತ್ತಿ ಎಲ್ಲಿಗೂ ಹೋಗಬೇಕಾದ್ದಿರಲಿಲ್ಲ. ಸುಮ್ಮನೆ ಪಕ್ಕದಲ್ಲಿ ನಿಂತೆ.

ಮರುದಿನ ಸಂಜೆ ಮಾಯಾವರದಲ್ಲಿ ರೈಲು ಹತ್ತಿದೆ. ಆ ಕಡೆಯಿಂದ ಮೈಸೂರಿಗೆ ನೇರ ರೈಲಿದೆ, ಎಷ್ಟು ಜನಕ್ಕೆ ಗೊತ್ತೋ. ಸೈಕಲ್ಲಿಗೆ ಗೋಣಿ ಸುತ್ತಿ ಲಗೇಜ್ ಡಬ್ಬಿಗೆ ಹಾಕಿಸುವುದರಲ್ಲಿ ಆದ ರಾಮಾಯಣ ಇನ್ನೊಂದು ಕಾಗದಕ್ಕೆ ಇರಲಿ. 18 ದಿನ ತುಳಿದದ್ದನ್ನು ಅದು ಒಂದು ರಾತ್ರಿಯಲ್ಲಿ ಹಿಂದಕ್ಕೆ ಸುತ್ತಿಬಿಟ್ಟಿತು. ಬೆಳಗ್ಗೆ ಮಂಡ್ಯದಲ್ಲಿ ಇಳಿದು ಮೊದಲು ಮಾಡಿದ ಕೆಲಸ ನಿಮ್ಮ ಪತ್ರಿಕೆ ಕೊಂಡದ್ದು, ಮೊದಲು ನೋಡಿದ್ದು ಆ ಚೌಕವನ್ನು.

ಅದಕ್ಕೇ ಕೇಳುತ್ತಿದ್ದೇನೆ. ಕೆಆರ್‌ಎಸ್, ಕಬಿನಿ, ಹೇಮಾವತಿ, ಹಾರಂಗಿಯ ಕೆಳಗೆ ಮೆಟ್ಟೂರು ಎಂದು ಒಂದು ಸಾಲು ಹಾಕಿ. ಅದು ದಿನಾ ಸಿಗುವ ಅಂಕಿ, ನಿಮ್ಮ ವರದಿಗಾರರಿಗೆ ಒಂದು ಫೋನಿನ ಕೆಲಸ. ಅವರ ಕಟ್ಟೆ ಎಷ್ಟಿದೆ ಎಂದು ಗೊತ್ತಿದ್ದರೆ ನಾವು ಜಗಳವನ್ನಾದರೂ ಲೆಕ್ಕ ಇಟ್ಟುಕೊಂಡು ಆಡಬಹುದು. ಸಾಧ್ಯವಾದರೆ ಅದರ ಕೆಳಗೆ ಇನ್ನೊಂದು: ವಿ.ಸಿ. ನಾಲೆಯ ಕೊನೆಯ ತೂಬಿಗೆ ನೀರು ಮುಟ್ಟಿದೆ, ಇಲ್ಲ. ಅಡಿ, ಕ್ಯೂಸೆಕ್ ಏನೂ ಬೇಡ, ಇದೆ ಅಥವಾ ಇಲ್ಲ ಅಂತ ಹಾಕಿದರೆ ಸಾಕು. ಆ ಸುದ್ದಿ ಕೊಡಲು ಆಳು ಇಲ್ಲ ಅಂದರೆ ನಾನಿದ್ದೇನೆ, ಸೈಕಲ್ಲೂ ಇದೆ, ದಿನಾ ಹೋಗಿ ನೋಡಿ ಬರುತ್ತೇನೆ, ಸಂಭಾವನೆ ಬೇಡ.

ಮೇಲೈಯೂರಿನ ಹಿರಿಯರು ಈಗ ದಿನಾ ಬೆಳಗ್ಗೆ ಆರಕ್ಕೆ ವಾಟ್ಸಾಪಿನಲ್ಲಿ ಮಾತು ಕಳಿಸುತ್ತಾರೆ. ನಾನು ನಿಮ್ಮ ಪೇಪರ್ ಬಂದ ಮೇಲೆ ಕೆಆರ್‌ಎಸ್ ಮಟ್ಟ ಹೇಳುತ್ತೇನೆ, ಅವರಿಗೆ ಆಗಲೇ ಗೊತ್ತಿರುತ್ತದೆ, ಆದರೂ ಕೇಳಿಸಿಕೊಳ್ಳುತ್ತಾರೆ. ಈ ಬೆಳಗ್ಗೆ ಅವರು ಹೇಳಿದ್ದು: ರಾತ್ರಿಯಿಂದ ಮಳೆ, ಬಾಗಿಲು ಎಲ್ಲ ಎತ್ತಿದೆ, ಆಡು ಒಂದು ಮರಿ ಹಾಕಿದೆ. ನನ್ನ ಕಾಗದಕ್ಕೆ ಜಾಗವಿಲ್ಲದಿದ್ದರೆ ಇದಿಷ್ಟನ್ನೇ ಹಾಕಿ.

ಇಂತಿ,
ಒಬ್ಬ ನಿವೃತ್ತ ನೀರುಗಂಟಿ
ಮದ್ದೂರು ತಾಲ್ಲೂಕು, ಮಂಡ್ಯ ಜಿಲ್ಲೆ